ಮಧ್ಯರಾತ್ರಿಯ ಸಂದೇಶಗಳು: ಹದಿಹರೆಯದ ಹುಡುಗಿಯೊಬ್ಬಳ ಆಪ್ತಸಲಹೆ ಪ್ರಕರಣ

ಈ ಪ್ರಕರಣದ ಹುಡುಗಿಯ ಹೆಸರು, ಊರು, ಸಭೆ (ಚರ್ಚ್) ಯಾವುದನ್ನೂ ಇಲ್ಲಿ ಹೇಳಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವಳ ಒಪ್ಪಿಗೆಯನ್ನೂ ಅವಳ ತಂದೆತಾಯಿಯ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಹುಡುಗಿಗೆ 16 ವರ್ಷ. ಸಭಾಪಾಲಕರು (ಚರ್ಚಿನ ಪಾಸ್ಟರ್) ಹೇಳಿದ್ದರಿಂದ ತಂದೆತಾಯಿ ಅವಳನ್ನು ಕರೆತಂದಿದ್ದರು. ಅವರ ದೂರು ಒಂದೇ ಮಾತಿನದ್ದು: ಮೊಬೈಲ್ ಚಟ. ರಾತ್ರಿ ನಿದ್ದೆಯಿಲ್ಲ, ತರಗತಿಯಲ್ಲಿ ತೂಕಡಿಕೆ, ಅಂಕಗಳಲ್ಲಿ ಇಳಿಕೆ, ಏನು ಕೇಳಿದರೂ ಸಿಡುಕು. ತಂದೆ ಅವಳ ಫೋನನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ ಮೇಲೂ ಪರಿಸ್ಥಿತಿ ಸುಧಾರಿಸಲಿಲ್ಲ. ಒಂದು ರಾತ್ರಿ ಹೊದಿಕೆಯೊಳಗಿಂದ ಬೆಳಕು ಬರುವುದನ್ನು ಕಂಡು ತಾಯಿ ಹೊದಿಕೆ ಸರಿಸಿದಾಗ, ಮನೆಯವರೆಲ್ಲ ಮರೆತೇಬಿಟ್ಟಿದ್ದ, ಪರದೆ ಬಿರುಕುಬಿಟ್ಟ ಹಳೆಯ ಫೋನೊಂದು ಮಗಳ ಕೈಯಲ್ಲಿತ್ತು. ಅದರಲ್ಲಿ ಸಿಮ್ ಇರಲಿಲ್ಲ, ಮನೆಯ ವೈಫೈ ಸಾಕಾಗಿತ್ತು. ಯಾರೋ ಹುಡುಗನ ಸಹವಾಸವಿರಬೇಕು, ಇಲ್ಲವೇ ನೋಡಬಾರದ್ದನ್ನು ನೋಡುತ್ತಿರಬೇಕು ಎಂಬುದು ತಂದೆಯ ಅನುಮಾನ. ತಾಯಿ ಹೆಚ್ಚು ಮಾತನಾಡಲಿಲ್ಲ.

ಹುಡುಗಿಯ ಜೊತೆ ಪ್ರತ್ಯೇಕವಾಗಿ ಕುಳಿತು ಮಾತನಾಡುವ ಮೊದಲು, ಅವಳು ಹೇಳಿದ್ದನ್ನು ನಾನು ಮನೆಯವರಿಗೆ ಒಪ್ಪಿಸುವುದಿಲ್ಲ, ಆದರೆ ಅವಳ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯವಿದೆ ಎಂದು ತಿಳಿದರೆ ಮಾತ್ರ ಸುಮ್ಮನಿರಲಾರೆ ಎಂದು ಸ್ಪಷ್ಟಪಡಿಸಿದೆ. ಬಳಿಕ ಕೇಳಲೇಬೇಕಾದದ್ದನ್ನು ನೇರವಾಗಿಯೇ ಕೇಳಿದೆ: ಫೋಟೊ ಇಟ್ಟುಕೊಂಡು ಯಾರಾದರೂ ಹೆದರಿಸುತ್ತಿದ್ದಾರೆಯೇ, ಪರಿಚಯವಿಲ್ಲದ ದೊಡ್ಡವರು ಯಾರಾದರೂ ಮಾತಿಗೆಳೆಯುತ್ತಿದ್ದಾರೆಯೇ, ಸಾಯಬೇಕೆಂದು ಎಂದಾದರೂ ಅನ್ನಿಸಿದೆಯೇ. ಇಂಥ ಪ್ರಶ್ನೆಗಳನ್ನು ಸುತ್ತಿಬಳಸಿ ಕೇಳಿದರೆ ಮಕ್ಕಳೂ ಸುತ್ತಿಬಳಸಿಯೇ ಉತ್ತರಿಸುತ್ತಾರೆ. ಮೂರಕ್ಕೂ ಅವಳು ಇಲ್ಲವೆಂದಳು, ಆ ಮಾತನ್ನು ಅನುಮಾನಿಸಲು ಕಾರಣವೇನೂ ಕಾಣಲಿಲ್ಲ. ಫೋಟೊ ಹಿಡಿದು ಹೆದರಿಸುವ ಪ್ರಕರಣವಾಗಿದ್ದರೆ ನನ್ನ ಸಲಹೆಯೇ ಬೇರೆಯಾಗುತ್ತಿತ್ತು: ಹಣ ಕೊಡಬಾರದು, ಇನ್ನೊಂದು ಚಿತ್ರ ಕಳುಹಿಸಬಾರದು, ಬಂದಿರುವ ಸಂದೇಶಗಳನ್ನು ಅಳಿಸಬಾರದು, ಅದೇ ದಿನ ನಂಬಿಕೆಯ ಹಿರಿಯರೊಬ್ಬರ ಜೊತೆ ಹೋಗಿ ಪೊಲೀಸರಿಗೆ ದೂರು ಕೊಡಬೇಕು.

ಆಮೇಲೆ ಒಂದೇ ಒಂದು ರಾತ್ರಿಯನ್ನು ಎತ್ತಿಕೊಂಡು ಗಂಟೆಗಂಟೆಯಾಗಿ ನೋಡಿದೆವು. 2018ರಿಂದೀಚೆಗೆ ಐಫೋನ್ ಮತ್ತು ಆಂಡ್ರಾಯ್ಡ್ ಎರಡರಲ್ಲೂ ಯಾವ ಆ್ಯಪ್‌ಗೆ ಎಷ್ಟು ಹೊತ್ತು ಹೋಯಿತೆಂದು ತೋರಿಸುವ ಪುಟ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಅದನ್ನು ತೆರೆದಾಗ ಹತ್ತೂವರೆಯಿಂದ ಹೆಚ್ಚುಕಡಿಮೆ ಒಂದು ಗಂಟೆಯವರೆಗೆ ವಾಟ್ಸ್‌ಆ್ಯಪ್, ಅಲ್ಲಿಂದ ಎರಡರವರೆಗೆ ಕಿರು ವಿಡಿಯೊಗಳು ಎಂದು ಕಾಣಿಸಿತು. ಒಟ್ಟು ಎಷ್ಟು ಗಂಟೆ ಎನ್ನುವುದಕ್ಕಿಂತ ಯಾವುದರ ಹಿಂದೆ ಯಾವುದು ಬಂತು ಎನ್ನುವುದು ಈ ಪ್ರಕರಣದಲ್ಲಿ ಹೆಚ್ಚಿನದನ್ನು ಹೇಳಿತು.

ವಾಟ್ಸ್‌ಆ್ಯಪ್‌ನಲ್ಲಿ ಅವಳು ಮಾತನಾಡುತ್ತಿದ್ದದ್ದು ಸಹಪಾಠಿಯಾದ ಇನ್ನೊಬ್ಬ ಹುಡುಗಿಯ ಜೊತೆ. ಆ ಗೆಳತಿಯ ಮನೆಯಲ್ಲಿ ಪ್ರತಿರಾತ್ರಿ ಜಗಳ. ಜಗಳ ಮುಗಿದು ಮನೆ ಮೌನವಾದ ಮೇಲೆ ಅವಳು ಇವಳಿಗೆ ಬರೆಯುತ್ತಿದ್ದಳು. "ನೀನೊಬ್ಬಳು ಇರೋದಕ್ಕೆ ನಾನಿನ್ನೂ ಇದ್ದೀನಿ" ಎಂಬ ಮಾತು ಅದರಲ್ಲಿ ಮತ್ತೆಮತ್ತೆ ಬಂದಿತ್ತು. ಸಂದೇಶವನ್ನು ತೆರೆದರೆ ನೀಲಿ ಟಿಕ್ ಬೀಳುತ್ತದೆ, ಟಿಕ್ ಬಿದ್ದೂ ಉತ್ತರ ಬಾರದಿದ್ದರೆ ಗೆಳತಿ ಏನು ಮಾಡಿಕೊಂಡಾಳೋ ಎಂಬ ಭಯ. ತೆರೆಯದೆ ಇದ್ದರೆ ಅದೂ ಭಯವೇ. ಒಂದು ಗಂಟೆಗೆ ಗೆಳತಿ ಸಮಾಧಾನಗೊಂಡು ಮಲಗುತ್ತಿದ್ದಳು. ಕೇಳಿದ್ದೆಲ್ಲ ತಲೆಯೊಳಗೆ ಸುತ್ತುತ್ತಿದ್ದ ಇವಳಿಗೆ ನಿದ್ದೆ ಬರುತ್ತಿರಲಿಲ್ಲ. ಅದನ್ನು ಮರೆಯಲು ವಿಡಿಯೊ.

ಹುಡುಗಿ ಇದನ್ನು ಚಟವೆಂದು ಭಾವಿಸಿರಲಿಲ್ಲ, ಸೇವೆಯೆಂದು ಭಾವಿಸಿದ್ದಳು. ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಬೇಕೆಂಬ ಬೈಬಲ್ ವಚನವನ್ನು (ಗಲಾತ್ಯ 6:2) ಅವಳು ಬಾಯಿಪಾಠ ಹೇಳಿದಳು. ಹಾಗಾಗಿ ಅಪ್ಪ ಫೋನ್ ಕಿತ್ತುಕೊಂಡದ್ದು ಅವಳ ಕಣ್ಣಿಗೆ ಶಿಸ್ತಾಗಿ ಕಾಣದೆ, ಗೆಳತಿಯನ್ನು ಸಾವಿನ ಬಾಯಿಗೆ ಬಿಟ್ಟುಬಿಡು ಎಂದು ಹೇಳಿದಂತೆ ಕಂಡಿತ್ತು. ಆ ಲೆಕ್ಕದಲ್ಲಿ ಸುಳ್ಳು ಹೇಳುವುದು ಸಣ್ಣ ಪಾಪವಾಗಿತ್ತು. ಕೇವಲ ಕಿತ್ತುಕೊಳ್ಳುವ ಶಿಕ್ಷೆಯ ತೊಂದರೆಯೇ ಇದು. ಫೋನಿನೊಳಗೆ ಏನು ನಡೆಯುತ್ತಿದೆಯೆಂದು ಕೇಳದೆ ಫೋನನ್ನು ಮಾತ್ರ ತೆಗೆದಿಟ್ಟರೆ, ಮಗು ಕಲಿಯುವುದು ಬಚ್ಚಿಡುವುದನ್ನು.

ಇನ್ನೊಂದು ಸಂಗತಿ ತಡವಾಗಿ ಹೊರಬಂತು. ಹಿಂದಿನ ವರ್ಷ ಯೌವನಸ್ಥರ ಶಿಬಿರದ ಕೊನೆಯ ಸಂಜೆ, ಸೋಷಿಯಲ್ ಮೀಡಿಯಾ ಬಿಡುತ್ತೇವೆ ಎನ್ನುವವರು ಎದ್ದು ಮುಂದೆ ಬನ್ನಿರಿ ಎಂದು ಕರೆದಾಗ ಅವಳೂ ಮುಂದೆ ಹೋಗಿ ಹರಕೆ ಮಾಡಿದ್ದಳು. ವಾರ ಕಳೆಯುವುದರೊಳಗೆ ಅದು ಮುರಿದಿತ್ತು. ಅಂದಿನಿಂದ ಕರ್ತನ ಭೋಜನದ (ಯೇಸುವಿನ ನೆನಪಿಗಾಗಿ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ) ಭಾನುವಾರಗಳಂದು ಏನಾದರೊಂದು ನೆಪ ಹೇಳಿ ಅವಳು ಮನೆಯಲ್ಲಿಯೇ ಉಳಿಯುತ್ತಿದ್ದಳು, ಮನೆಯವರಿಗೆ ಇದು ಗೊತ್ತಾಗಿರಲಿಲ್ಲ. ಹಾಡು ಮತ್ತು ಕಣ್ಣೀರಿನ ನಡುವೆ ಹದಿಹರೆಯದವರಿಂದ ಇಂಥ ಬಹಿರಂಗ ಹರಕೆ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಹರಕೆ ಮಾಡಿ ತೀರಿಸದಿರುವುದಕ್ಕಿಂತ ಮಾಡದಿರುವುದೇ ಲೇಸು ಎಂದು ಪ್ರಸಂಗಿ 5:5 ಹೇಳುವಾಗ, ತೀರಿಸಲಾಗದ ಹರಕೆಗೆ ಮಕ್ಕಳನ್ನು ದೂಡಿದ ದೊಡ್ಡವರಿಗೂ ಆ ಮಾತು ತಾಕುತ್ತದೆ.

ಸಲಹೆಯನ್ನು ಗೆಳತಿಯಿಂದ ಆರಂಭಿಸಿದೆ, ಏಕೆಂದರೆ ತುರ್ತಾಗಿದ್ದದ್ದು ಅವಳ ಪ್ರಾಣ. ಗುಟ್ಟು ಬಿಟ್ಟುಕೊಡುವವನು ಚಾಡಿಕೋರ, ನಂಬಿಗಸ್ತನು ಗುಟ್ಟನ್ನು ಕಾಪಾಡುತ್ತಾನೆ ಎಂಬ ಜ್ಞಾನೋಕ್ತಿ 11:13ನ್ನು ಹುಡುಗಿ ನನ್ನ ಮುಂದಿಟ್ಟಳು. ನಾನು ಅವಳನ್ನು ಅಪೊಸ್ತಲರ ಕೃತ್ಯಗಳ 23ನೆಯ ಅಧ್ಯಾಯಕ್ಕೆ ಕರೆದೊಯ್ದೆ. ಅಪೊಸ್ತಲ ಪೌಲನನ್ನು ಕೊಲ್ಲುವವರೆಗೆ ಅನ್ನನೀರು ಮುಟ್ಟೆವೆಂದು ನಲವತ್ತಕ್ಕಿಂತ ಹೆಚ್ಚು ಜನ ಶಪಥ ಮಾಡಿದ್ದರು. ಅದು ಪೌಲನ ಸಹೋದರಿಯ ಮಗನ ಕಿವಿಗೆ ಬಿತ್ತು. ಆ ಯೌವನಸ್ಥ ತಾನೇ ಕತ್ತಿ ಹಿಡಿದು ಕಾವಲು ಕೂರಲಿಲ್ಲ. ಪೌಲನಿಗೆ ತಿಳಿಸಿದ, ಅವನು ಹೇಳಿಕಳುಹಿಸಿದಂತೆ ಸಹಸ್ರಾಧಿಪತಿಯ (ರೋಮನ್ ಸೇನಾಧಿಕಾರಿಯ) ಬಳಿಗೆ ಹೋದ, ಸಹಸ್ರಾಧಿಪತಿ ಅವನ ಕೈಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ ವಿಷಯ ಕೇಳಿದ. ಆ ರಾತ್ರಿಯೇ ಸೈನಿಕರ ಕಾವಲಿನಲ್ಲಿ ಪೌಲ ಊರು ಬಿಟ್ಟ. ಪ್ರಾಣದ ಪ್ರಶ್ನೆ ಬಂದಾಗ, ಏನಾದರೂ ಮಾಡಬಲ್ಲ ಒಬ್ಬ ದೊಡ್ಡವರಿಗೆ ತಿಳಿಸುವುದು ಚಾಡಿಯಲ್ಲ. ಇದನ್ನು ಹುಡುಗಿ ಒಪ್ಪಿಕೊಳ್ಳಲು ಸಮಯ ಹಿಡಿಯಿತು. ಕೊನೆಗೆ, "ನಿನ್ನ ಬೆನ್ನ ಹಿಂದೆ ಹೇಳಲ್ಲ, ನಿನ್ನ ಜೊತೆಯಲ್ಲೇ ಬಂದು ಹೇಳ್ತೀನಿ" ಎಂದು ಗೆಳತಿಗೆ ಮೊದಲೇ ತಿಳಿಸಿ, ಇಬ್ಬರೂ ಕೂಡಿ ಶಾಲೆಯ ಆಪ್ತಸಲಹೆಗಾರರ ಬಳಿ ಹೋದರು. ಗೆಳತಿಯನ್ನು ಅವರು ಮನೋವೈದ್ಯರ ಬಳಿಗೆ ಕಳುಹಿಸಿದರು.

ಎರಡನೆಯದು ರಾತ್ರಿಯ ಮಾತು. ಭಾರ ಹೊರುವ ವಚನ ಬರುವ ಅದೇ ಅಧ್ಯಾಯದಲ್ಲಿ, ಮೂರೇ ವಚನಗಳ ಆಚೆ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆಂದೂ ಬರೆದಿದೆ. ಮಾರ್ಕ 1:35ರಿಂದ ಮುಂದಕ್ಕೆ ಓದಿದರೆ, ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿದ್ದರೂ ಯೇಸು ಮುಂಜಾನೆ ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬನೇ ಪ್ರಾರ್ಥಿಸಲು ಹೋದದ್ದು ಕಾಣುತ್ತದೆ. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದು ಶಿಷ್ಯನಾದ ಸೀಮೋನನು ಬಂದು ಹೇಳಿದಾಗ ಆತನು ಹಿಂದಿರುಗಿ ಬರಲಿಲ್ಲ, ಬೇರೆ ಊರುಗಳಿಗೆ ಹೋಗೋಣ ಎಂದನು. ಕರೆದಾಗಲೆಲ್ಲ ಸಿಗುವುದನ್ನು ಪ್ರೀತಿಯ ಅಳತೆಗೋಲನ್ನಾಗಿ ಮಾಡಿದರೆ ಆ ಅಳತೆಯನ್ನು ಯೇಸುವೂ ಮುಟ್ಟುವುದಿಲ್ಲ. ಸೋತು ಸಾಯಬೇಕೆಂದು ಕೇಳಿಕೊಂಡ ಪ್ರವಾದಿ ಎಲೀಯನಿಗೆ (1 ಅರಸುಗಳು 19) ದೇವರು ಮೊದಲು ಕೊಟ್ಟದ್ದು ನಿದ್ದೆ ಮತ್ತು ಊಟ. ಮಾತುಕತೆ ಆಮೇಲೆ ಬಂತು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ನಿದ್ರಾವೈದ್ಯರ ಶಿಫಾರಸು. ಎರಡಕ್ಕೆ ಮಲಗಿ ಆರಕ್ಕೆ ಏಳುತ್ತಿದ್ದ ಈ ಹುಡುಗಿಗೆ ಅದರ ಅರ್ಧ ಮಾತ್ರ ದೊರೆಯುತ್ತಿತ್ತು.

ಹೀಗಾಗಿ ಒಂದು ಏರ್ಪಾಡು ಮಾಡಿಕೊಂಡೆವು. ರಾತ್ರಿ ಹತ್ತಕ್ಕೆ ಮನೆಯ ಎಲ್ಲರ ಫೋನ್‌ಗಳೂ, ತಂದೆಯದ್ದೂ ಸೇರಿ, ನಡುಮನೆಯಲ್ಲಿ ಚಾರ್ಜಿಗೆ ಹೋಗಬೇಕು. ಅವಳ ಫೋನ್ ಡು ನಾಟ್ ಡಿಸ್ಟರ್ಬ್‌ನಲ್ಲಿರುತ್ತದೆ (ಕರೆ, ಸಂದೇಶಗಳ ಸದ್ದು ಬಾರದಂತೆ ಮಾಡುವ ಸೆಟ್ಟಿಂಗ್), ಆದರೆ ಒಬ್ಬರೇ ಮತ್ತೆ ಕರೆ ಮಾಡಿದರೆ ರಿಂಗ್ ಆಗುವಂತೆ ಮಾಡುವ ಆಯ್ಕೆಯನ್ನು ಚಾಲೂ ಇಡಬೇಕು. ಐಫೋನಿನಲ್ಲಿ ಮೂರು ನಿಮಿಷದೊಳಗೆ ಬಂದ ಎರಡನೆಯ ಕರೆಗೆ, ಆಂಡ್ರಾಯ್ಡ್‌ನಲ್ಲಿ ಹದಿನೈದು ನಿಮಿಷದೊಳಗೆ ಬಂದ ಎರಡನೆಯ ಕರೆಗೆ ಗಂಟೆ ಬಾರಿಸುತ್ತದೆ. ಗೆಳತಿಗೆ ಇದನ್ನು ತಿಳಿಸಿ, ನಿಜವಾಗಿ ಕೈಮೀರಿದರೆ ಎರಡು ಸಲ ಕರೆ ಮಾಡು, ಆಗ ನಾನೂ ನಮ್ಮಮ್ಮನೂ ಇಬ್ಬರೂ ಎದ್ದೇಳುತ್ತೇವೆ ಎಂದು ಹೇಳಬೇಕು. "ನಮ್ಮಮ್ಮನೂ" ಎಂಬುದು ಇದರಲ್ಲಿ ಮುಖ್ಯ. ಹದಿನಾರರ ಹುಡುಗಿ ಇಂಥದ್ದನ್ನು ಒಬ್ಬಳೇ ಹೊರಬಾರದು. ನೀಲಿ ಟಿಕ್ ತೋರಿಸುವುದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿದೆವು.

ಕಿರು ವಿಡಿಯೊಗಳ ಬಗ್ಗೆ ಹೆಚ್ಚು ಉಪದೇಶ ಮಾಡಲಿಲ್ಲ. ಪುಟಕ್ಕೆ ಕೊನೆಯೇ ಇಲ್ಲದಂತೆ ಕೆಳಗೆ ಸರಿಯುತ್ತಲೇ ಹೋಗುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಮುಂದೆ ಅದರ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿದ್ದಾರೆ ಎಂದು ತಿಳಿಸಿದೆ. ಸಾಕು ಎನ್ನಿಸುವ ಜಾಗವನ್ನೇ ತೆಗೆದುಹಾಕಿ ಮಾಡಿದ ವಸ್ತುವಿನ ಮುಂದೆ ದಣಿದ ಮನಸ್ಸು ತಾನಾಗಿ ನಿಲ್ಲಲಿಲ್ಲವೆಂದರೆ ಆಶ್ಚರ್ಯವಿಲ್ಲ. ಆದರೂ ಎಲ್ಲವನ್ನೂ ಮಾಡಲು ಸ್ವಾತಂತ್ರ್ಯವಿದ್ದರೂ ಯಾವುದಕ್ಕೂ ದಾಸನಾಗಲಾರೆ ಎಂಬ ಪೌಲನ ನಿಲುವನ್ನು (1 ಕೊರಿಂಥ 6:12) ಅವಳ ಮುಂದಿಟ್ಟು, ಎಷ್ಟು ನಿಮಿಷ ಎಂಬುದನ್ನು ಅವಳೇ ನಿರ್ಧರಿಸಲಿ ಎಂದೆ. ದಿನಕ್ಕೆ ಮೂವತ್ತು ನಿಮಿಷ, ಸಂಜೆ ಮಾತ್ರ ಎಂದು ಬರೆದುಕೊಟ್ಟಳು. ಅದನ್ನು ಹರಕೆಯೆನ್ನದೆ ಪ್ರಯತ್ನವೆಂದೇ ಕರೆದೆವು.

ಮುರಿದ ಹರಕೆಗಾಗಿ ಅವಳು ಸಭಾಪಾಲಕರ ಬಳಿ ಒಂದು ಸಾರಿ ಮಾತನಾಡುವುದು ಒಳ್ಳೆಯದೆಂದು ಸೂಚಿಸಿದೆ. ನಮ್ಮ ಪಾಪಗಳನ್ನು ಅರಿಕೆಮಾಡಿದರೆ ಕ್ಷಮೆಯಿದೆ ಎಂಬ 1 ಯೋಹಾನ 1:9 ಅವಳಿಗೆ ಗೊತ್ತಿರದ ವಚನವೇನಲ್ಲ, ಆದರೆ ಅದನ್ನು ಒಬ್ಬರ ಬಾಯಿಂದ ತನ್ನ ಹೆಸರಿಟ್ಟು ಕೇಳಿಸಿಕೊಳ್ಳುವುದು ಬೇರೆ. ಹೋದಳು. ಯೌವನಸ್ಥರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ವಚನ ಹಾಕಿ ಎಲ್ಲರಿಂದ "ಆಮೆನ್" ನಿರೀಕ್ಷಿಸುವ ರೂಢಿಯನ್ನು ಬೆಳಿಗ್ಗೆಗೆ ಬದಲಿಸಬೇಕೆಂದು ಗುಂಪಿನ ನಾಯಕರಿಗೆ ನಾನೇ ತಿಳಿಸಿದೆ.

ತಂದೆಯ ಜೊತೆಗಿನ ಮಾತು ಸುಲಭವಾಗಿರಲಿಲ್ಲ. ಮಗಳ ಎಲ್ಲ ಸಂದೇಶಗಳನ್ನೂ ಇನ್ನು ಮುಂದೆ ತಾವು ಓದುವುದಾಗಿ ಅವರು ಹಟ ಹಿಡಿದರು. ಹತ್ತು ವರ್ಷದ ಮಗುವಿನ ಫೋನನ್ನು ನೋಡುವುದು ತಂದೆತಾಯಿಯ ಕರ್ತವ್ಯ. 16ರವಳದ್ದನ್ನು ಕದ್ದು ಓದಿದರೆ ಮೂರನೆಯ ಫೋನ್ ಹುಟ್ಟಿಕೊಳ್ಳುತ್ತದೆ ಎಂದು ಹೇಳಿದೆ. ಮಕ್ಕಳ ಮನಗುಂದುವಂತೆ ಅವರನ್ನು ಕೆಣಕಬೇಡಿರಿ ಎಂದು ತಂದೆಗಳಿಗೇ ಹೇಳಿರುವ ಕೊಲೊಸ್ಸೆ 3:21ನ್ನೂ ಓದಿದೆ. ಅಪಾಯದ ಸುಳಿವಿದ್ದರೆ ಅವಳ ಎದುರಿನಲ್ಲೇ ಕುಳಿತು ನೋಡುವುದು, ಇಲ್ಲದಿದ್ದರೆ ಯಾರ ಜೊತೆ, ಏತಕ್ಕೆ ಎಂದು ಕೇಳಿ ತಿಳಿದುಕೊಳ್ಳುವುದು ಎಂಬ ಮಾತಿಗೆ ಅವರು ಅರೆಮನಸ್ಸಿನಿಂದ ಒಪ್ಪಿದರು. ಹಳೆಯ ಫೋನನ್ನು ಹುಡುಗಿ ತಾನೇ ತಂದುಕೊಟ್ಟು, ಸುಳ್ಳಿಗಾಗಿ ಅಪ್ಪ ಅಮ್ಮನ ಕ್ಷಮೆ ಕೇಳಿದಳು. ಆ ಭಾಗವನ್ನು ನಾನು ಬಿಟ್ಟುಕೊಡಲಿಲ್ಲ, ಗೆಳತಿಯ ಮೇಲಿನ ಕನಿಕರ ಮನೆಯವರಿಗೆ ಹೇಳಿದ ಸುಳ್ಳನ್ನು ಅಳಿಸುವುದಿಲ್ಲ.

ಮೂರು ತಿಂಗಳ ಬಳಿಕದ ಸ್ಥಿತಿ ಹೀಗಿದೆ. ಹೆಚ್ಚಿನ ರಾತ್ರಿಗಳಲ್ಲಿ ಹನ್ನೊಂದರೊಳಗೆ ಮಲಗುತ್ತಾಳೆ, ತರಗತಿಯ ತೂಕಡಿಕೆ ನಿಂತಿದೆ. ಗೆಳತಿಗೆ ಚಿಕಿತ್ಸೆ ನಡೆಯುತ್ತಿದೆ, ಎರಡು ಸಲದ ಕರೆ ಒಂದು ಬಾರಿ ಬಂದಿದೆ, ಆ ರಾತ್ರಿ ತಾಯಿಯೇ ಫೋನ್ ತೆಗೆದುಕೊಂಡು ಮಾತನಾಡಿದರು. ರಜೆಯ ದಿನಗಳಲ್ಲಿ ಮೂವತ್ತು ನಿಮಿಷದ ಮಿತಿ ಈಗಲೂ ದಾಟುತ್ತದೆ, ಅದರ ಮೇಲೆ ತಂದೆಗೂ ಮಗಳಿಗೂ ವಾಗ್ವಾದ ಆಗುತ್ತದೆ. ನಿಯಮಿತ ಭೇಟಿಗಳನ್ನು ನಿಲ್ಲಿಸಿದ್ದೇವೆ. ನಿದ್ದೆ ಮತ್ತೆ ಎರಡು ವಾರ ಕೆಟ್ಟರೆ ಅಥವಾ ಗೆಳತಿಯ ವಿಷಯದಲ್ಲಿ ಭಯ ಮರುಕಳಿಸಿದರೆ ಕಾಯದೆ ಬರಬೇಕೆಂದು ತಾಯಿಗೂ ಮಗಳಿಗೂ ತಿಳಿಸಲಾಗಿದೆ.