ಶಾಲು ಹೊದಿಸಿದರು, ರಜೆ ಕೊಡಲಿಲ್ಲ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ನರ್ಸ್‌ಗಳ ಮೇಲ್ವಿಚಾರಕಿ. 2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ನಮ್ಮ ಹುಡುಗಿಯರು ವಾರಗಟ್ಟಲೆ ರಜೆಯಿಲ್ಲದೆ ದುಡಿದರು. ಆಮೇಲೆ ಎಲ್ಲರಿಗೂ ಶಾಲು ಹೊದಿಸಿ ಸನ್ಮಾನಿಸಿದರು, ಒಂದು ದಿನದ ಯೋಗ ಶಿಬಿರವನ್ನೂ ನಡೆಸಿದರು. ಅವರಲ್ಲೊಬ್ಬಳು ಇಂದಿಗೂ ಆಕ್ಸಿಜನ್ ಸಿಲಿಂಡರ್ ಉರುಳಿಸುವ ಸದ್ದಿಗೆ ಬೆಚ್ಚುತ್ತಾಳೆ. ಆ ವಾರ್ಡಿನ ಪಾಳಿ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಾಳೆ. ಮುಂದೆ ಇಂಥ ಸಾಂಕ್ರಾಮಿಕ ಬಂದರೆ ಸಿಬ್ಬಂದಿಯ ಮನಸ್ಸನ್ನು ಕಾಪಾಡಲು ನನ್ನಂಥವಳು ಏನು ಮಾಡಬಹುದು?

ಉತ್ತರ: ಸನ್ಮಾನವೂ ಯೋಗವೂ ಕೆಟ್ಟವಲ್ಲ. ಆದರೆ ದಣಿದವಳೇ ತನ್ನ ದಣಿವನ್ನು ಸರಿಪಡಿಸಿಕೊಳ್ಳಲಿ ಎಂಬ ಭಾವ ಅವುಗಳ ಹಿಂದೆ ಅಡಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣವು ಇಂಥ ವೃತ್ತಿ ಬಳಲಿಕೆಯನ್ನು ಕಾಯಿಲೆ ಎಂದು ಕರೆಯದೆ, ಕೆಲಸದ ಸ್ಥಳದಲ್ಲಿ ದೀರ್ಘಕಾಲ ಇದ್ದು ಸರಿಯಾಗಿ ನಿಭಾಯಿಸಲ್ಪಡದ ಒತ್ತಡದ ಫಲ ಎಂದು ವಿವರಿಸುತ್ತದೆ. ಆದ್ದರಿಂದ ಮದ್ದು ಶುರುವಾಗಬೇಕಾದದ್ದು ನಿಮ್ಮ ಕೈಯಲ್ಲಿರುವ ಡ್ಯೂಟಿ ಪಟ್ಟಿಯಿಂದಲೇ.

ತೀವ್ರ ನಿಗಾ ಘಟಕದಲ್ಲಿ ಕೆಲವು ದಿನ ದುಡಿದವಳನ್ನು ಹಗುರ ಕೆಲಸದ ವಾರ್ಡಿಗೆ ಬದಲಿಸಿ, ರಾತ್ರಿ ಪಾಳಿಗಳ ನಂತರ ನಿಜವಾದ ಬಿಡುವು ಕೊಡಿ, ಹೊಸಬಳ ಜೊತೆಗೆ ಅನುಭವಸ್ಥೆಯೊಬ್ಬಳನ್ನು ಹಾಕಿ. ಏಪ್ರಿಲ್ ಮೇ ತಿಂಗಳ ನಮ್ಮ ಕಡೆಯ ಬಿಸಿಲಿನಲ್ಲಿ ಪಿಪಿಇ ಕಿಟ್ ತೊಟ್ಟವರು, ಶೌಚಕ್ಕೆ ಹೋಗಲಾಗದೆಂದು ನೀರನ್ನೇ ಕುಡಿಯದೆ ಪಾಳಿ ಮುಗಿಸುತ್ತಿದ್ದುದು ನಿಮಗೆ ಗೊತ್ತಿರುವ ಸಂಗತಿ. ಕಿಟ್ಟಿನೊಳಗಿನ ಅವಧಿಯನ್ನು ಚಿಕ್ಕದು ಮಾಡದೆ ಧೈರ್ಯದ ಮಾತು ಹೇಳಿ ಫಲವಿಲ್ಲ. ಲಾಕ್‌ಡೌನ್‌ನಲ್ಲಿ ಬಸ್ಸು ನಿಂತರೆ ಹಳ್ಳಿಯಿಂದ ಬರುವವಳು ಹೇಗೆ ಬರಬೇಕು, ಮನೆಯಲ್ಲಿ ಹಸುಗೂಸೋ ವಯಸ್ಸಾದ ಅತ್ತೆಯೋ ಇದ್ದವಳು ಎಲ್ಲಿ ಉಳಿಯಬೇಕು, ರಾತ್ರಿ ಊಟವೆಲ್ಲಿ ಎಂಬುದನ್ನು ಮೊದಲೇ ನಿಗದಿಪಡಿಸಿ. ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಯನ್ನೂ ಆಂಬುಲೆನ್ಸ್ ಚಾಲಕರನ್ನೂ ಈ ಲೆಕ್ಕದಿಂದ ಬಿಡಬೇಡಿ. ನಿಮ್ಮ ಹೆಸರಿನ ಮುಂದೆಯೂ ವಾರದ ರಜೆ ಇರಲಿ. ಪಟ್ಟಿ ಬರೆಯುವವರು ಅದನ್ನೇ ಮರೆಯುವುದು ವಾಡಿಕೆ.

ದಣಿವಿಗಿಂತ ಆಳಕ್ಕೆ ಇಳಿಯುವ ಗಾಯ ಇನ್ನೊಂದಿದೆ. ಇರುವ ಒಂದು ಆಕ್ಸಿಜನ್ ಹಾಸಿಗೆಯನ್ನು ಇಬ್ಬರಲ್ಲಿ ಯಾರಿಗೆ ಕೊಡಬೇಕೆಂಬ ಪ್ರಶ್ನೆ ನಡುರಾತ್ರಿ ನರ್ಸ್ ಒಬ್ಬಳ ಮುಂದೆ ಬಂದು ನಿಂತರೆ, ಹೋದ ಜೀವದ ಭಾರವನ್ನು ಅವಳು ವರ್ಷಗಟ್ಟಲೆ ಹೊರುತ್ತಾಳೆ. ಅಂಥ ನಿರ್ಧಾರ ಹಿರಿಯ ವೈದ್ಯರ ತಂಡದ್ದಾಗಿರಬೇಕು, ಬರಹದಲ್ಲಿರಬೇಕು. ರೋಗಿಯ ಕಡೆಯವರು ಕೈಮಾಡಿದರೆ ದೂರು ಕೊಡುವ ಹೊಣೆಯೂ ಅವಳೊಬ್ಬಳದ್ದಾಗಬಾರದು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಸಾಂಕ್ರಾಮಿಕದ ಸಮಯದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆ ಜಾಮೀನುರಹಿತ ಅಪರಾಧ.

ಸಾವು ಕಂಡ ಮರುದಿನವೇ ಎಲ್ಲರನ್ನೂ ಕೂರಿಸಿ ಅನುಭವ ಹೇಳಿಸುವ ಒತ್ತಾಯ ಬೇಡ. ವಿಶ್ವ ಆರೋಗ್ಯ ಸಂಸ್ಥೆಯೂ ಇಂಥ ಒತ್ತಾಯವನ್ನು ಒಪ್ಪುವುದಿಲ್ಲ. ಪಾಳಿ ಬದಲಾಗುವಾಗ ಹತ್ತು ನಿಮಿಷ ಚಹಾ ಕುಡಿಯುತ್ತಾ, ಮಾತಾಡುವವರು ಮಾತಾಡಲಿ, ಸುಮ್ಮನಿರುವವರು ಸುಮ್ಮನಿರಲಿ.

ನೀವು ಬರೆದಿರುವ ಹುಡುಗಿಯ ವಿಷಯ ಬೇರೆ. ಇಷ್ಟು ವರ್ಷಗಳ ನಂತರವೂ ಬೆಚ್ಚುವುದು, ಜಾಗ ತಪ್ಪಿಸುವುದು ಆಘಾತದ ನಂತರದ ಮಾನಸಿಕ ಸಮಸ್ಯೆಯ ಲಕ್ಷಣಗಳಾಗಿರಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ತಜ್ಞರನ್ನು ಕಾಣಬಹುದು. ಮೊದಲು ಫೋನಿನಲ್ಲೇ ಮಾತಾಡುವುದಾದರೆ ಉಚಿತ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಅವಳೊಬ್ಬಳನ್ನೇ ಕರೆದು ಕೇಳಿ, ಒಪ್ಪಿದರೆ ತಜ್ಞರನ್ನು ಕಾಣುವ ದಿನಕ್ಕೆ ರಜೆ ಮಂಜೂರು ಮಾಡಿ, ಕಾರಣವನ್ನು ಸಹೋದ್ಯೋಗಿಗಳ ಕಿವಿಗೆ ಬೀಳಿಸಬೇಡಿ. ಅಲ್ಲಿಯವರೆಗೆ ಆ ವಾರ್ಡಿನ ಪಾಳಿಗೆ ಅವಳನ್ನು ಬಲವಂತವಾಗಿ ಹಾಕಬೇಡಿ; ಯಾವಾಗ, ಹೇಗೆ ಮರಳಬೇಕೆಂಬುದನ್ನು ಅವಳೂ ಚಿಕಿತ್ಸಕರೂ ಸೇರಿ ತೀರ್ಮಾನಿಸಲಿ.