ಹಳೆಯ ಟಿವಿ, ಡಿಜಿಟಲ್ ಪ್ರಸಾರ: ಗಡಿನಾಡಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ): ಊರಿನ ಹಳೆಯ ಮನೆಯಲ್ಲಿ ತಂದೆತಾಯಿ ಇಬ್ಬರೇ ಇದ್ದಾರೆ. ಅಲ್ಲಿರುವುದು ಹಿಂಬದಿ ಉಬ್ಬಿದ ಹಳೆಯ ಬಣ್ಣದ ಟಿವಿ. ಮಾಡಿನ ಮೇಲೆ ಮಂಗಳೂರಿನ ಕಡೆಗೆ ತಿರುಗಿಸಿಟ್ಟ ಆಂಟೆನಾ ಈಗಲೂ ಇದೆ, ಆದರೆ ಕೆಲವು ವರ್ಷಗಳಿಂದ ಪರದೆಯಲ್ಲಿ ಚುಕ್ಕೆಗಳಷ್ಟೇ ಕಾಣುತ್ತವೆ. ‘ಡಿಜಿಟಲ್ ಆಂಟೆನಾ’ ಹಾಕಿಸಿದರೆ ಸಾಕು ಎಂದು ಒಬ್ಬರು ಹೇಳಿದರೆ, ಹೊಸ ಟಿವಿಯೇ ಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡಕ್ಕೂ ಈಗಲೇ ಹಣ ಹಾಕಬೇಡಿ. ನಿಮ್ಮ ಆಂಟೆನಾ ಕೆಟ್ಟಿರುವ ಸಾಧ್ಯತೆ ಕಡಿಮೆ. ಅದು ಹಿಡಿಯಬೇಕಾದ ಸಿಗ್ನಲ್ಲೇ ಈಗ ಇಲ್ಲ. ದೂರದರ್ಶನದ ಅನಲಾಗ್ ಪ್ರಸಾರವನ್ನು (ಡಿಜಿಟಲ್‌ಗಿಂತ ಹಿಂದಿನ ಬಗೆಯದು) ಊರೂರಿಗೆ ತಲುಪಿಸುತ್ತಿದ್ದ ನೆಲದ ಮೇಲಿನ ಪ್ರಸಾರ ಕೇಂದ್ರಗಳಲ್ಲಿ, ಆಯಕಟ್ಟಿನ ಜಾಗಗಳಲ್ಲಿರುವ ಸುಮಾರು 50ನ್ನು ಬಿಟ್ಟು ಉಳಿದವನ್ನು 2022ರ ಮಾರ್ಚ್ 31ರೊಳಗೆ ಮುಚ್ಚುವುದಾಗಿ ಪ್ರಸಾರ ಭಾರತಿ 2021ರಲ್ಲಿ ಪ್ರಕಟಿಸಿತ್ತು. ಆಂಟೆನಾಕ್ಕೆ ಅನಲಾಗ್, ಡಿಜಿಟಲ್ ಎಂಬ ಭೇದವಿಲ್ಲ; ಅದು ರೇಡಿಯೋ ಅಲೆಗಳನ್ನು ಹಿಡಿದು ಕೆಳಗಿಳಿಸುವ ಲೋಹದ ಕಡ್ಡಿಗಳ ಜೋಡಣೆ ಮಾತ್ರ. ನೆಲದ ಗೋಪುರಗಳಿಂದ ಬರುವ ಡಿಜಿಟಲ್ ಪ್ರಸಾರವನ್ನು ದೂರದರ್ಶನವು 2016ರಲ್ಲಿ ಬೆಂಗಳೂರು, ಚೆನ್ನೈ, ಮುಂಬಯಿ ಮುಂತಾದ ಕೆಲವೇ ನಗರಗಳಲ್ಲಿ ಆರಂಭಿಸಿತು, ಮತ್ತು ಅದನ್ನು ನೋಡಲು ಟಿವಿಯೊಳಗೆ ಡಿವಿಬಿ-ಟಿ2 ಎಂಬ ಬಗೆಯ ಟ್ಯೂನರ್ ಇರಬೇಕಾಗುತ್ತದೆ. ಪೆರ್ಲದ ಮಾಡಿನ ಮೇಲೆ ಎಷ್ಟು ದುಬಾರಿ ಆಂಟೆನಾ ನಿಲ್ಲಿಸಿದರೂ ಬೆಂಗಳೂರಿನ ಗೋಪುರ ಅದಕ್ಕೆ ಎಟುಕದು.

ಟಿವಿಯನ್ನು ಬದಲಾಯಿಸಲೇಬೇಕೆಂದೂ ಇಲ್ಲ. ಡಿಶ್ಶಿನಿಂದಲೋ ಕೇಬಲ್‌ನಿಂದಲೋ ಬರುವ ಡಿಜಿಟಲ್ ಸಿಗ್ನಲ್ಲನ್ನು ಬಿಡಿಸಿ ಚಿತ್ರವನ್ನಾಗಿ ಮಾಡುವ ಕೆಲಸ ಸೆಟ್ ಟಾಪ್ ಬಾಕ್ಸಿನದು. ಅದು ಕೊಟ್ಟದ್ದನ್ನು ತೋರಿಸುವುದಷ್ಟೇ ಟಿವಿಯ ಕೆಲಸ. ಆದ್ದರಿಂದ ಮೊದಲು ಟಿವಿಯ ಹಿಂಬದಿಯನ್ನೋ ಮುಂಭಾಗದ ಸಣ್ಣ ಮುಚ್ಚಳದ ಒಳಭಾಗವನ್ನೋ ನೋಡಿ. ಹಳದಿ, ಬಿಳಿ, ಕೆಂಪು ಬಣ್ಣದ ಉರುಟು ತೂತುಗಳಿದ್ದರೆ ಯಾವುದೇ ಸಾಮಾನ್ಯ ಬಾಕ್ಸನ್ನು ಎವಿ ಕೇಬಲ್ ಮೂಲಕ ಜೋಡಿಸಬಹುದು: ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ಧ್ವನಿ. ಬಿಳಿ ಮಾತ್ರ ಇದ್ದು ಕೆಂಪು ಇಲ್ಲದಿದ್ದರೆ ಅದು ಒಂದೇ ಸ್ಪೀಕರ್ ದಾರಿಯ ಟಿವಿ. ಬಿಳಿಯನ್ನು ಸಿಕ್ಕಿಸಿ ಕೆಂಪನ್ನು ಹಾಗೆಯೇ ಬಿಟ್ಟರೆ ಆಯಿತು. ಆಂಟೆನಾ ಸಿಕ್ಕಿಸುವ ತೂತು ಬಿಟ್ಟು ಬೇರೇನೂ ಇಲ್ಲದ ತೀರಾ ಹಳೆಯ ಟಿವಿಯಾದರೆ, ನಡುವೆ ಆರ್‌ಎಫ್ ಮಾಡ್ಯುಲೇಟರ್ ಎಂಬ ಸಣ್ಣ ಪೆಟ್ಟಿಗೆ ಬೇಕು. ಬಾಕ್ಸಿನ ಚಿತ್ರವನ್ನು ಅದು ಹಳೆಯ ಅನಲಾಗ್ ಚಾನೆಲ್ಲಾಗಿ ಬದಲಾಯಿಸಿ ಕೊಡುತ್ತದೆ, ಟಿವಿಯನ್ನು ಆ ಒಂದು ಚಾನೆಲ್ಲಿಗೆ ಟ್ಯೂನ್ ಮಾಡಿಟ್ಟರೆ ಮುಗಿಯಿತು.

ಜೋಡಿಸಿದ ಮೇಲೆ ಚಿತ್ರ ಕಪ್ಪು-ಬಿಳುಪಾಗಿ ಕಂಡರೆ ಟಿವಿ ಕೆಟ್ಟಿತೆಂದು ಭಾವಿಸಬೇಡಿ. ಬಾಕ್ಸಿನ ಸೆಟ್ಟಿಂಗಿನಲ್ಲಿ ‘ಎನ್‌ಟಿಎಸ್‌ಸಿ’ ಎಂದಿರುವುದನ್ನು ‘ಪಾಲ್’ ಎಂದು ಬದಲಾಯಿಸಿ ನೋಡಿ. ಮುಖಗಳು ಉದ್ದಕ್ಕೆ ಎಳೆದಂತೆ ಕಂಡರೆ ಪರದೆಯ ಅಳತೆಯನ್ನು 16:9ರಿಂದ 4:3ಕ್ಕೆ ತನ್ನಿ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಹಿರಿಯರಿಬ್ಬರೇ ಇರುವ ಮನೆಯಲ್ಲಿ ಬಾಕ್ಸಿನ ತೊಂದರೆಗಿಂತ ಎರಡು ರಿಮೋಟುಗಳ ತೊಂದರೆಯೇ ದೊಡ್ಡದು. ಟಿವಿಯ ರಿಮೋಟಿನಲ್ಲಿ ಯಾವುದೋ ಗುಂಡಿ ತಾಗಿ ಎವಿ ಹೋಗಿ ನೀಲಿ ಪರದೆ ಬಂದರೆ, ಮಗ ಮುಂದಿನ ರಜೆಯಲ್ಲಿ ಬರುವವರೆಗೂ ಟಿವಿ ಹಾಗೆಯೇ ಇರುತ್ತದೆ. ಟಿವಿಯ ರಿಮೋಟಿನಲ್ಲಿ ಆನ್ ಮಾಡುವ ಗುಂಡಿ ಮತ್ತು ಎವಿ ಗುಂಡಿ ಬಿಟ್ಟು ಉಳಿದವುಗಳ ಮೇಲೆ ಟೇಪು ಅಂಟಿಸಿ, ಚಾನೆಲ್ಲು ಮತ್ತು ಧ್ವನಿಗೆ ಬಾಕ್ಸಿನ ರಿಮೋಟನ್ನೇ ಬಳಸುವ ಅಭ್ಯಾಸ ಮಾಡಿಸಿ. ಮಳೆಗಾಲದಲ್ಲಿ ಎಷ್ಟೋ ಸಲ ವಿದ್ಯುತ್ ಹೋಗಿ ಬರುವುದರಿಂದ, ಪ್ರತಿ ಸಲವೂ ಏನು ಒತ್ತಬೇಕು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಟಿವಿಯ ಪಕ್ಕದಲ್ಲಿ ಅಂಟಿಸುವುದೂ ಒಳ್ಳೆಯದು.

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ): ತಿಂಗಳ ಬಾಡಿಗೆ ಇಲ್ಲದ, ದೂರದರ್ಶನದ ಡಿಡಿ ಫ್ರೀ ಡಿಶ್ ಹಾಕಿಸಬೇಕೆಂದಿದ್ದೇವೆ. ಮನೆಯ ಸುತ್ತ ಅಡಿಕೆ ತೋಟ. ಹಿಂದೆ ಒಂದು ಡಿಟಿಎಚ್ ಡಿಶ್ ಹಾಕಿಸಿದ್ದಾಗ ಮಳೆ ಬಂದ ಕೂಡಲೇ ಚಿತ್ರ ನಿಲ್ಲುತ್ತಿತ್ತು. ಅದೇ ಡಿಶ್ಶನ್ನು ಬಳಸಬಹುದೇ? ಚಂದನ ವಾಹಿನಿ ಸಿಗುತ್ತದೆಯೇ?

ಉತ್ತರ: ಚಂದನ ಸಿಗುತ್ತದೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸೇವೆ ಈಗ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತಿದೆ, ಮತ್ತು ಉಪಗ್ರಹಕ್ಕೆ ರಾಜ್ಯಗಳ ಗಡಿ ಇಲ್ಲವಾದ್ದರಿಂದ ಮೈಸೂರಿನಲ್ಲಿ ಸಿಗುವುದೆಲ್ಲ ಮುಳ್ಳೇರಿಯದಲ್ಲಿಯೂ ಸಿಗುತ್ತದೆ. ಡಿಶ್ ಮತ್ತು ಬಾಕ್ಸಿಗೆ ಒಮ್ಮೆ ಹಣ ಕೊಟ್ಟರೆ ಮತ್ತೆ ತಿಂಗಳ ಶುಲ್ಕವಿಲ್ಲ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 (ಚಿತ್ರವನ್ನು ಅಡಕಗೊಳಿಸುವ ಪದ್ಧತಿ) ಮತ್ತು ಡಿವಿಬಿ-ಎಸ್2 (ಉಪಗ್ರಹ ಪ್ರಸಾರದ ಪದ್ಧತಿ) ಎರಡನ್ನೂ ಬೆಂಬಲಿಸುವುದನ್ನೇ ಕೇಳಿ. ಎಂಪೆಗ್-2 ಮಾತ್ರ ಗೊತ್ತಿರುವ ಹಳೆಯ ಬಾಕ್ಸುಗಳು ಅಗ್ಗಕ್ಕೆ ಸಿಕ್ಕರೂ ಕೆಲವು ವಾಹಿನಿಗಳನ್ನು ತೋರಿಸುವುದಿಲ್ಲ.

ಹಳೆಯ ಡಿಶ್ಶಿನ ತಟ್ಟೆ ಡೊಂಕಾಗದೆ, ತುಕ್ಕು ಹಿಡಿಯದೆ ಇದ್ದರೆ ಖಂಡಿತ ಬಳಸಬಹುದು. ತಟ್ಟೆಯ ಮುಂದೆ ಚಾಚಿದ ಕೋಲಿನ ತುದಿಯಲ್ಲಿದ್ದು ಸಿಗ್ನಲ್ ಹಿಡಿಯುವ ಸಣ್ಣ ಭಾಗವಾದ ಎಲ್‌ಎನ್‌ಬಿಯ ಮೇಲೆ 9750/10600 ಎಂದು ಬರೆದಿದೆಯೇ ನೋಡಿ, ಇಲ್ಲವಾದರೆ ಅದನ್ನು ಮಾತ್ರ ಬದಲಾಯಿಸಿ. ಆದರೆ ಹಿಂದಿನ ಕಂಪೆನಿಯ ಉಪಗ್ರಹ ಆಕಾಶದಲ್ಲಿ ಬೇರೆ ಜಾಗದಲ್ಲಿ ಇದ್ದಿರಬಹುದಾದ್ದರಿಂದ ಡಿಶ್ಶಿನ ದಿಕ್ಕನ್ನು ಹೊಸದಾಗಿ ಹೊಂದಿಸಬೇಕು. ಜಿಸ್ಯಾಟ್-15 ಇರುವುದು ಸಮಭಾಜಕ ವೃತ್ತದ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಕಾಸರಗೋಡಿನಿಂದ ನೋಡಿದರೆ ಅದು ಪೂರ್ವ ಮತ್ತು ಆಗ್ನೇಯಗಳ ನಡುವೆ, ಆಗ್ನೇಯಕ್ಕೆ ಹತ್ತಿರವಾಗಿ, ಅಂದರೆ ಉತ್ತರದಿಂದ ಎಣಿಸಿದರೆ ಸುಮಾರು 123 ಡಿಗ್ರಿಯಲ್ಲಿ, ನೆಲದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿ ಬರುತ್ತದೆ. ಇಷ್ಟು ಎತ್ತರದಲ್ಲಿರುವುದು ತೋಟದ ಮನೆಗಳಿಗೆ ಅನುಕೂಲವೇ. ಡಿಶ್ಶಿಗಿಂತ ಮರ ಎಷ್ಟು ಎತ್ತರವಿದೆಯೋ ಅದರ ಅರ್ಧದಷ್ಟು ದೂರ ಬಿಟ್ಟರೆ ಸಿಗ್ನಲ್ ಮರದ ತಲೆಯ ಮೇಲಿನಿಂದ ಬರುತ್ತದೆ. 12 ಮೀಟರ್ ಎತ್ತರದ ಅಡಿಕೆ ಮರವಾದರೆ ಬುಡದಿಂದ 6 ಮೀಟರ್ ಲೆಕ್ಕಕ್ಕೆ ಸಾಕು. ಸೋಗೆಯ ಹರವು, ಗಾಳಿಗೆ ಬಾಗುವುದು, ಮುಂದೆ ಬೆಳೆಯುವುದು ಎಲ್ಲವನ್ನೂ ಸೇರಿಸಿ 8 ಮೀಟರ್ ಬಿಡಿ. ಅಂಗಳದ ವಾಯವ್ಯ ಬದಿಯಲ್ಲಿ ಕಂಬ ನಿಲ್ಲಿಸಿದರೆ ಅನೇಕ ಮನೆಗಳಲ್ಲಿ ಈ ಅಂತರ ತಾನಾಗಿಯೇ ಸಿಗುತ್ತದೆ.

ಡಿಶ್ಶಿನ ತಟ್ಟೆ ನೋಡುತ್ತಿರುವ ಕಡೆಗೇ ಕಣ್ಣು ಹಾಯಿಸಿ ಮರ ಅಡ್ಡವಿದೆಯೋ ಇಲ್ಲವೋ ಎಂದು ನಿರ್ಧರಿಸಬೇಡಿ. ಮನೆಗಳಲ್ಲಿ ಹಾಕುವ ಡಿಶ್ಶುಗಳಲ್ಲಿ ಎಲ್‌ಎನ್‌ಬಿ ನಡುವಿಗಿಂತ ಕೆಳಗೆ ಇರುತ್ತದೆ; ಅದರಿಂದಾಗಿ ಡಿಶ್ಶು ತನ್ನ ಮುಖ ತೋರಿಸುವುದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿನಿಂದ ಸಿಗ್ನಲ್ ಹಿಡಿಯುತ್ತದೆ. ಎದುರಿಗಿರುವ ಗಿಡವನ್ನು ಸುಮ್ಮನೆ ಕಡಿದವರೂ ಇದ್ದಾರೆ, ನಿಜವಾಗಿ ಅಡ್ಡ ಬರುತ್ತಿದ್ದ ತೆಂಗಿನ ಗರಿಯನ್ನು ಗಮನಿಸದವರೂ ಇದ್ದಾರೆ. ಯಾವ ಉಪಕರಣವೂ ಇಲ್ಲದೆ ಜಾಗವನ್ನು ಪರೀಕ್ಷಿಸಲು ಒಂದು ದಾರಿ ಇದೆ. ವರ್ಷಕ್ಕೆರಡು ಬಾರಿ, ನಮ್ಮ ಜಿಲ್ಲೆಯಲ್ಲಿ ಮಾರ್ಚ್ 15ರ ಮತ್ತು ಸೆಪ್ಟೆಂಬರ್ 28ರ ಆಸುಪಾಸಿನ ದಿನಗಳಲ್ಲಿ, ಬೆಳಗ್ಗೆ 11 ಗಂಟೆಯ ಹೊತ್ತಿಗೆ ಸೂರ್ಯನು ಈ ಉಪಗ್ರಹದ ನೇರದಲ್ಲೇ ಹಾದುಹೋಗುತ್ತಾನೆ. ಆ ಹೊತ್ತಿಗೆ ನೆರಳು ಬೀಳದೆ ಬಿಸಿಲು ಬೀಳುವ ಜಾಗ ಯಾವುದೋ, ಅಲ್ಲಿ ಡಿಶ್ ಇಟ್ಟರೆ ಉಪಗ್ರಹಕ್ಕೆ ಅಡ್ಡಿ ಇಲ್ಲವೆಂದೇ ಅರ್ಥ. ಡಿಶ್ ಹಾಕಿಸಿದ ಮೇಲೆ ಅದೇ ದಿನಗಳಲ್ಲಿ ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ನಿಂತರೆ ರಿಪೇರಿಯವರನ್ನು ಕರೆಯಬೇಡಿ, ಅದು ಸೂರ್ಯನಿಂದ ಬರುವ ರೇಡಿಯೋ ಅಲೆಗಳ ಗದ್ದಲ ಸಿಗ್ನಲ್ಲನ್ನು ಮುಚ್ಚಿಬಿಡುವುದರಿಂದ ಆಗುವುದು, ತಾನಾಗಿ ಸರಿಯಾಗುತ್ತದೆ.

ಇನ್ನು ಮಳೆಯ ವಿಚಾರ. ಹಳೆಯ ಅನಲಾಗ್ ಚಿತ್ರ ಸಿಗ್ನಲ್ ಕಡಿಮೆಯಾದಂತೆ ಮೆಲ್ಲಮೆಲ್ಲನೆ ಮಸುಕಾಗುತ್ತಿತ್ತು, ಚುಕ್ಕೆಗಳ ನಡುವೆಯೂ ವಾರ್ತೆ ನೋಡಬಹುದಿತ್ತು. ಡಿಜಿಟಲ್ ಚಿತ್ರ ಒಂದು ಮಿತಿಯವರೆಗೆ ಪೂರ್ತಿ ಸ್ವಚ್ಛವಾಗಿದ್ದು, ಮಿತಿ ದಾಟಿದ ಕೂಡಲೇ ಚೌಕಚೌಕವಾಗಿ ಒಡೆದು ನಿಂತೇಬಿಡುತ್ತದೆ. ಆದ್ದರಿಂದ ಬಿಸಿಲಿರುವ ದಿನ ಚಿತ್ರ ಚೆನ್ನಾಗಿ ಬಂತೆಂದು ಕೆಲಸ ಮುಗಿಸಬಾರದು. ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್‌ನ ಬಲ ಮತ್ತು ಗುಣಮಟ್ಟವನ್ನು ತೋರಿಸುವ ಎರಡು ಪಟ್ಟಿಗಳಿರುತ್ತವೆ. ಬಲಕ್ಕಿಂತ ಗುಣಮಟ್ಟದ ಪಟ್ಟಿ ಮುಖ್ಯ. ಡಿಶ್ಶನ್ನು ಕೂದಲೆಳೆಯಷ್ಟು ಸರಿಸುತ್ತಾ, ಅನಂತರ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ನಿಧಾನವಾಗಿ ತಿರುಗಿಸುತ್ತಾ, ಆ ಪಟ್ಟಿ ಅತಿ ಹೆಚ್ಚಿಗೆ ಏರುವಲ್ಲಿ ಬಿಗಿಮಾಡಬೇಕು. ಎಲ್‌ಎನ್‌ಬಿ ತಿರುಗಿಸುವ ಈ ಎರಡನೆಯ ಹಂತವನ್ನು ಅವಸರದಲ್ಲಿ ಬಿಡುವವರೇ ಹೆಚ್ಚು, ಮತ್ತು ದಕ್ಷಿಣದ ಊರುಗಳಲ್ಲಿ ಅದರ ಓರೆ ಸಾಕಷ್ಟು ಹೆಚ್ಚಾಗಿಯೇ ಬೇಕಾಗುತ್ತದೆ. ನಮ್ಮ ಮಳೆಗೆ 60 ಸೆಂಟಿಮೀಟರ್ ಡಿಶ್ಶಿಗಿಂತ 75 ಅಥವಾ 90 ಸೆಂಟಿಮೀಟರಿನದು ಮೇಲು. ಆದರೂ ಜಡಿಮಳೆಯ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋಗುವುದನ್ನು ಪೂರ್ತಿ ತಪ್ಪಿಸಲಾಗದು. ಮಳೆ ನಿಂತು ಬಹಳ ಹೊತ್ತಾದರೂ ಚಿತ್ರ ಬಾರದಿದ್ದರೆ ಎಲ್‌ಎನ್‌ಬಿಯ ಪಿನ್ನಿನೊಳಗೆ ನೀರು ಸೇರಿದೆಯೇ ನೋಡಿ. ಡಿಶ್ಶಿನಿಂದ ಬಾಕ್ಸಿಗೆ ಬರುವ ಆರ್‌ಜಿ-6 ಕೇಬಲನ್ನು ನಡುವೆ ಜೋಡಿಸದೆ ಒಂದೇ ತುಂಡಾಗಿ ತರುವುದು, ಪಿನ್ನಿಗೆ ರಬ್ಬರ್ ಟೇಪು ಸುತ್ತುವುದು, ಕೇಬಲ್ ಮನೆಯೊಳಗೆ ಬರುವ ಮುನ್ನ ನೀರು ತೊಟ್ಟಿಕ್ಕಲು ಒಂದು ಬಾಗು ಕೊಡುವುದು, ಇವಕ್ಕೆ ಹೆಚ್ಚು ಖರ್ಚಿಲ್ಲ. ಮುರಕಲ್ಲಿನ ಗೋಡೆಗೆ ಹೊಡೆದ ಬೋಲ್ಟು ಎರಡು ಮಳೆಗಾಲಕ್ಕೆ ಸಡಿಲವಾಗಬಹುದು, ಕಾಂಕ್ರೀಟಿನಲ್ಲಿ ಹೂತ ಕಬ್ಬಿಣದ ಪೈಪು ಸುರಕ್ಷಿತ.

ಪ್ರಶ್ನೆ (ಕುಂಬಳೆಯಿಂದ): ಕೇಬಲ್‌ನವರು ಕೊಟ್ಟ ಬಾಕ್ಸಿನಲ್ಲಿ ಮಲಯಾಳ ವಾಹಿನಿಗಳೇ ತುಂಬಿವೆ. ಬಾಕ್ಸ್ ಇಲ್ಲದ ಕಾಲದಲ್ಲಿ ಕನ್ನಡದ ನಾಲ್ಕಾರು ವಾಹಿನಿಗಳು ತಾವಾಗಿಯೇ ಬರುತ್ತಿದ್ದವು. ಈಗ ಕೇಳಿದರೆ ‘ಪ್ಯಾಕ್‌ನಲ್ಲಿ ಇಲ್ಲ’ ಎನ್ನುತ್ತಾರೆ.

ಉತ್ತರ: ಅನಲಾಗ್ ಕೇಬಲ್‌ನಲ್ಲಿ ಆಯ್ಕೆ ಎಂಬುದೇ ಇರಲಿಲ್ಲ, ತಂತಿಯಲ್ಲಿ ಬಂದದ್ದೆಲ್ಲ ಎಲ್ಲ ಮನೆಗಳಿಗೂ ಬರುತ್ತಿತ್ತು. ಕೇಬಲ್ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿಯಿಂದ ಡಿಜಿಟಲ್ ವ್ಯವಸ್ಥೆ ಕಡ್ಡಾಯವಾಗಿ, 2012ರಲ್ಲಿ ಮಹಾನಗರಗಳಿಂದ ಆರಂಭಿಸಿ, ಹಳ್ಳಿಗಳೂ ಸೇರಿದ ಕೊನೆಯ ಹಂತಕ್ಕೆ 2017ರ ಮಾರ್ಚ್ 31ರ ಗಡುವು ಬಂತು. ಅಲ್ಲಿಂದ ಮುಂದೆ ಪ್ರತಿ ಬಾಕ್ಸಿಗೆ ಯಾವ ವಾಹಿನಿ ತೆರೆಯಬೇಕೆಂಬುದು ಕೇಬಲ್‌ನವರ ಕಂಪ್ಯೂಟರಿನಲ್ಲಿ ನಿರ್ಧಾರವಾಗುತ್ತದೆ. ಕೇರಳದ ಎಲ್ಲ ಜಿಲ್ಲೆಗಳಿಗೂ ಒಂದೇ ಪ್ಯಾಕ್ ಸಿದ್ಧಪಡಿಸಿದರೆ ಕಾಸರಗೋಡಿನ ಕನ್ನಡ ಮನೆ ಅದರಲ್ಲಿ ಮರೆತುಹೋಗುವುದು ಸಹಜ. ಆದರೆ ಸಹಜ ಎಂದ ಮಾತ್ರಕ್ಕೆ ಒಪ್ಪಿಕೊಂಡು ಕೂರಬೇಕಿಲ್ಲ.

2019ರ ಫೆಬ್ರವರಿ 1ರಿಂದ ಜಾರಿಗೆ ಬಂದ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಪ್ರತಿ ವಾಹಿನಿಯನ್ನೂ ಬಿಡಿಯಾಗಿ ಆಯ್ದುಕೊಳ್ಳುವ ಹಕ್ಕು ಗ್ರಾಹಕರಿಗಿದೆ. ‘ಪ್ಯಾಕ್‌ನಲ್ಲಿ ಇಲ್ಲ’ ಎಂಬುದು ಪೂರ್ತಿ ಉತ್ತರವಲ್ಲ; ‘ನಿಮ್ಮ ಜಾಲದಲ್ಲಿ ಆ ವಾಹಿನಿ ಇದೆಯೇ?’ ಎಂದು ಕೇಳಿ. ಇದ್ದರೆ, ಬೇಕಾದ ಕನ್ನಡ ವಾಹಿನಿಗಳ ಹೆಸರುಗಳನ್ನು ಬರೆದು ಕೊಟ್ಟು ಅವನ್ನು ತೆರೆಸಿಕೊಳ್ಳಿ, ನೋಡದ ಪಾವತಿ ವಾಹಿನಿಗಳನ್ನು ಅದೇ ಕಾಗದದಲ್ಲಿ ತೆಗೆಸಿ. ಉಚಿತ ವಾಹಿನಿಗಳಿಗೆ ಬಿಡಿ ಬೆಲೆ ಇಲ್ಲ ಎಂಬುದೂ ನೆನಪಿರಲಿ. ಜಾಲದಲ್ಲಿಯೇ ಇಲ್ಲದಿದ್ದರೆ ಒಂದು ಮನೆಯವರು ಕೇಳಿ ಪ್ರಯೋಜನ ಕಡಿಮೆ. ಕೇರಿಯ ಕನ್ನಡ ಮನೆಗಳೆಲ್ಲ ಸೇರಿ ಲಿಖಿತವಾಗಿ ಕೇಳಿದರೆ ಕೇಬಲ್‌ನವರಿಗೂ ಅದು ವ್ಯಾಪಾರದ ಮಾತಾಗುತ್ತದೆ. ಅದೂ ಆಗದಿದ್ದರೆ ಡಿಟಿಎಚ್ ಉಳಿದ ದಾರಿ. ಅಲ್ಲಿಯೂ ಕೇರಳದ ವಿಳಾಸ ನೋಡಿ ಮಲಯಾಳ ಪ್ಯಾಕನ್ನೇ ಹಾಕಿಬಿಡುವುದುಂಟು, ಆದ್ದರಿಂದ ಸಂಪರ್ಕ ಪಡೆಯುವ ದಿನವೇ ಕನ್ನಡ ಪ್ಯಾಕ್ ಎಂದು ಸ್ಪಷ್ಟವಾಗಿ ಹೇಳಿ. ಒಬ್ಬರ ಬಾಕ್ಸ್ ಇನ್ನೊಬ್ಬರ ಜಾಲದಲ್ಲಿ ನಡೆಯುವುದಿಲ್ಲವಾದ್ದರಿಂದ, ಹಳೆಯ ಬಾಕ್ಸನ್ನು ಬಾಡಿಗೆಗೆ ಪಡೆದಿದ್ದರೆ ಮರಳಿಸಿ ರಸೀದಿ ತೆಗೆದುಕೊಳ್ಳಿ.

ಪ್ರಶ್ನೆ (ಮಹಾರಾಷ್ಟ್ರದ ಅಕ್ಕಲಕೋಟೆಯಿಂದ): ಹೊಸ ಸ್ಮಾರ್ಟ್ ಟಿವಿ ಕೊಂಡರೆ ಬಾಕ್ಸೇ ಬೇಡವೇ?

ಉತ್ತರ: ಟಿವಿಯೊಳಗೆ ಉಪಗ್ರಹ ಟ್ಯೂನರ್ ಇದ್ದರೆ ಡಿಶ್ಶಿನ ಕೇಬಲನ್ನು ನೇರ ಅದಕ್ಕೆ ಸಿಕ್ಕಿಸಿ ಉಚಿತ ವಾಹಿನಿಗಳನ್ನು ನೋಡಬಹುದು. ಇಂಥ ಟಿವಿಗಳಿಗಾಗಿ ಐಎಸ್ 18112:2022 ಎಂಬ ಭಾರತೀಯ ಮಾನಕವೇ ಇದೆ. ಅಂಗಡಿಯಲ್ಲಿ ‘ಡಿಜಿಟಲ್ ಟಿವಿ’ ಎಂದರೆ ಒಪ್ಪಿಕೊಳ್ಳದೆ, ಡಿವಿಬಿ-ಎಸ್2 ಟ್ಯೂನರ್ ಇದೆಯೇ ಎಂದು ವಿವರಪಟ್ಟಿಯಲ್ಲಿ ಓದಿ ನೋಡಿ. ಪಾವತಿ ವಾಹಿನಿಗಳಿಗೆ ಮಾತ್ರ ಬೀಗ ಇರುವುದರಿಂದ ಆಯಾ ಕಂಪೆನಿಯ ಬಾಕ್ಸ್ ಬೇಕೇ ಬೇಕು. ಅಂತರ್ಜಾಲ ಚೆನ್ನಾಗಿದ್ದರೆ ಪ್ರಸಾರ ಭಾರತಿಯು 2024ರ ನವೆಂಬರಿನಲ್ಲಿ ಹೊರತಂದ ‘ವೇವ್ಸ್’ ಆ್ಯಪಿನಲ್ಲಿ ದೂರದರ್ಶನದ ವಾಹಿನಿಗಳನ್ನು ನೋಡಬಹುದು. ಡಿಶ್ ಹಾಕಿಸುವುದಾದರೆ ನಿಮ್ಮಲ್ಲಿ ದಿಕ್ಕು ಸರಿಯಾಗಿ ಆಗ್ನೇಯ, ಎತ್ತರ ಸುಮಾರು 61 ಡಿಗ್ರಿ.

ಪ್ರಶ್ನೆ (ಮಂಜೇಶ್ವರದಿಂದ): ಸಿಡಿಲಿಗೆ ಬಾಕ್ಸ್ ಸುಟ್ಟುಹೋಯಿತು. ಸ್ವಿಚ್ ಆರಿಸಿಯೇ ಇಟ್ಟಿದ್ದೆವು. ಹಳೆಯ ಟಿವಿಯೂ ಹಾಳಾಯಿತು, ಅದನ್ನು ಏನು ಮಾಡುವುದು?

ಉತ್ತರ: ಸ್ವಿಚ್ ಆರಿಸಿದರೆ ಸಾಲದು. ಸಿಡಿಲಿನ ಹೊಡೆತ ವಿದ್ಯುತ್ ತಂತಿಯಿಂದಲೂ ಬರುತ್ತದೆ, ಡಿಶ್ಶಿನ ಅಥವಾ ಕೇಬಲ್ ಜಾಲದ ತಂತಿಯಿಂದಲೂ ಬರುತ್ತದೆ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ತಿಂಗಳುಗಳ ಸಂಜೆ, ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗನ್ನೂ ಬಾಕ್ಸಿನ ಹಿಂದಿನ ತಿರುಪಿನ ಪಿನ್ನನ್ನೂ ಕಳಚಿ ದೂರವಿಡಿ. ಗುಡುಗು ತಲೆಯ ಮೇಲೆ ಬಂದ ಮೇಲೆ ತಂತಿ ಮುಟ್ಟಬೇಡಿ. ಡಿಶ್ಶಿನ ಕಂಬಕ್ಕೆ ಅರ್ತಿಂಗ್ ಮಾಡಿಸಿ, ಬಳಕೆಯಲ್ಲಿಲ್ಲದ ಹಳೆಯ ಆಂಟೆನಾವನ್ನು ಇಳಿಸಿಬಿಡಿ. ಹಳೆಯ ಟಿವಿಯನ್ನು ಮಕ್ಕಳಾಗಲಿ ಗುಜರಿಯವರಾಗಲಿ ಬಿಚ್ಚಲು ಬಿಡಬೇಡಿ: ಅದರ ಚಿತ್ರಕೊಳವೆಯ ಗಾಜಿನಲ್ಲಿ ಸೀಸವಿದೆ, ಮತ್ತು ಪ್ಲಗ್ ತೆಗೆದ ಮೇಲೆಯೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಮನೆಮನೆಯಿಂದ ತ್ಯಾಜ್ಯ ಸಂಗ್ರಹಿಸುವ, ನಿಮ್ಮ ಪಂಚಾಯತಿನ ಹರಿತ ಕರ್ಮ ಸೇನೆಯವರನ್ನು ವಿಚಾರಿಸಿ, ಇ-ತ್ಯಾಜ್ಯ ಸಂಗ್ರಹಿಸುವ ದಿನ ಇಡಿಯಾಗಿಯೇ ಒಪ್ಪಿಸಿ.