ಸೊಳ್ಳೆ ಪೊರೆಯ ಮೇಲೆ ಕೂರುತ್ತದೆ, ರಕ್ತ ಮಾತ್ರ ಹೀರುವುದಿಲ್ಲ. ಏನು ಮಾಡಲಿ?

ಲ್ಯಾಬಿನಲ್ಲಿ ಅನಾಫಿಲಿಸ್ ಸ್ಟೀಫನ್ಸಿ ಸಾಕುತ್ತಿದ್ದೀರಿ, ಇಲಿ ಮೊಲ ಬೇಡ ಅಂತ ಪ್ಯಾರಾಫಿಲ್ಮ್ (ಎಳೆದರೆ ಹಿಗ್ಗುವ ಮೇಣದಂಥ ತೆಳು ಹಾಳೆ) ಪೊರೆಯ ಮೂಲಕ ರಕ್ತ ಕೊಟ್ಟರೆ ಹೆಣ್ಣು ಸೊಳ್ಳೆಗಳು ಬಂದು ಕೂತು ಹಾಗೇ ಎದ್ದು ಹೋಗುತ್ತವೆ ಅಂತ ಕೇಳಿದ್ದೀರಿ. ಮೊದಲು ಥರ್ಮಾಮೀಟರನ್ನು ವಾಟರ್ ಬಾತ್‌ನಿಂದ (ಬಿಸಿನೀರಿನ ತೊಟ್ಟಿ, ಇಲ್ಲಿಂದಲೇ ಟ್ಯೂಬಿನಲ್ಲಿ ನೀರು ಹೋಗಿ ರಕ್ತ ಬಿಸಿ ಮಾಡುವುದು) ತೆಗೆದು ಫೀಡರ್‌ನೊಳಗಿನ, ಅಂದರೆ ಪೊರೆ ಕಟ್ಟಿದ ಗಾಜಿನ ಪಾತ್ರೆಯೊಳಗಿನ, ರಕ್ತದಲ್ಲಿ ಇಟ್ಟು ನೋಡಿ. ರಕ್ತ ಮೈಯಷ್ಟು ಬಿಸಿ ಇಲ್ಲದಿದ್ದರೆ ಅವು ಕುಡಿಯುವುದಿಲ್ಲ.

ನಾನು ಮಂಗಳೂರಿನಲ್ಲಿ ಇದೇ ಜಾತಿಯನ್ನು ಸಾಕುತ್ತೇನೆ. ನಮ್ಮೂರಲ್ಲಿ ಮಲೇರಿಯಾ ಹರಡುವುದು ಇದೇ ಅಲ್ವಾ, ಸ್ಲ್ಯಾಬ್ ಮೇಲೆ ಕ್ಯೂರಿಂಗಿಗೆ ನಿಲ್ಲಿಸಿದ ನೀರು, ಮುಚ್ಚಳ ಇಲ್ಲದ ಟ್ಯಾಂಕಿ, ಎಲ್ಲ ಕಡೆ ಇದರ ಮರಿಗಳು. ಶುರುವಿನಲ್ಲಿ ಎರಡು ವಾರ ನನಗೂ ಇದೇ ಗೋಳು. ಬಾತ್‌ನಲ್ಲಿ 37 ಡಿಗ್ರಿ ಸರಿಯಾಗಿ ತೋರಿಸುತ್ತಿತ್ತು, ಆದರೆ ಎಸಿ ರೂಮು, ಟ್ಯೂಬು ಉದ್ದ, ಗಾಜಿನ ಫೀಡರ್‌ಗೆ ಬರುವಷ್ಟರಲ್ಲಿ ನೀರು 33ಕ್ಕೆ ಇಳಿದಿರುತ್ತಿತ್ತು. ಟ್ಯೂಬು ಗಿಡ್ಡ ಮಾಡಿ, ಬಟ್ಟೆ ಸುತ್ತಿ, ಬಾತ್ ಸ್ವಲ್ಪ ಜಾಸ್ತಿ ಇಟ್ಟೆ. ಅವತ್ತೇ ಕುಡಿದವು. ಹತ್ತಿರದಿಂದ ನೋಡಿದರೆ ಹೊಟ್ಟೆ ಉಬ್ಬಿ ಕೆಂಪಾಗುತ್ತದೆ, ಹಿಂದಿನ ತುದಿಯಲ್ಲಿ ಸಣ್ಣ ಕೆಂಪು ಹನಿ ಕಾಣುತ್ತದೆ. ಹೆದರಬೇಡಿ, ಕುಡಿಯುತ್ತಲೇ ನೀರಿನ ಅಂಶ ಹೊರಹಾಕಿ ರಕ್ತಕಣಗಳಿಗೆ ಜಾಗ ಮಾಡಿಕೊಳ್ಳುವ ರೀತಿ ಅದು. ನನಗೆ ಈಗಲೂ ಅದನ್ನು ನೋಡುವುದೇ ಖುಷಿ.

ಪ್ಯಾರಾಫಿಲ್ಮನ್ನು ಎರಡೂ ಕಡೆಗೆ ಎಳೆದು ತೆಳ್ಳಗೆ ಮಾಡಿ, ಸುಮ್ನೆ ಹಾಗೇ ಕಟ್ಟಿದರೆ ಸೊಳ್ಳೆಯ ಸೂಜಿ ಇಳಿಯುವುದು ಕಷ್ಟ. ಕಟ್ಟುವ ಮೊದಲು ನಿಮ್ಮ ಮುಂಗೈಗೆ ಉಜ್ಜಿ, ಬೆವರಿನ ವಾಸನೆ ಅವಕ್ಕೆ ಬೇಕು. ಅವತ್ತು ಸೆಂಟು, ಸೊಳ್ಳೆ ಕ್ರೀಮು ಬೇಡ. ಸಕ್ಕರೆ ನೀರಿನ ಹತ್ತಿಯನ್ನು ಹಿಂದಿನ ದಿನವೇ ತೆಗೆದುಬಿಡಿ, ಹಸಿವಿಲ್ಲದೆ ಯಾರು ಕುಡಿಯುತ್ತಾರೆ? ಆಟಿ ತಿಂಗಳ ಮಳೆಯಲ್ಲಿ ಆ ಹತ್ತಿಗೆ ಒಂದೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಉಳಿದ ದಿನಗಳಲ್ಲಿ ದಿನಾ ಬದಲಿಸಿ. ಇದು ಕತ್ತಲಾದ ಮೇಲೆ ಕಚ್ಚುವ ಸೊಳ್ಳೆ, ಹಾಗಾಗಿ ಪಂಜರಕ್ಕೆ ಕಪ್ಪು ಬಟ್ಟೆ ಮುಚ್ಚಿ ಅರ್ಧ ಗಂಟೆಯಾದರೂ ಬಿಡಿ. ಡೆಂಗಿ ಹರಡುವ ಈಡಿಸ್ ಆದರೆ ಹಗಲಿನಲ್ಲೇ ಮುತ್ತಿಕೊಳ್ಳುತ್ತದೆ.

ಆಡಿನ ರಕ್ತ ತರುವುದಾದರೆ ಕಡಿದ ಜಾಗದಲ್ಲೇ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಹಾಕಿಸಿಕೊಳ್ಳಿ, ಇಲ್ಲವಾದರೆ ಕೋಲಿನಿಂದ ಕಲಕುತ್ತಲೇ ಇದ್ದು ನೂಲಿನಂಥ ನಾರು ತೆಗೆದುಬಿಡಿ. ಲ್ಯಾಬಿಗೆ ತಂದು ನೋಡೋಣ ಅಂದರೆ ಹೆಪ್ಪುಗಟ್ಟಿರುತ್ತದೆ. ಫ್ರಿಜ್ಜಿನಲ್ಲಿ ಇಡಿ, ಫ್ರೀಜರ್‌ನಲ್ಲಿ ಬೇಡ, ಕಣಗಳು ಒಡೆಯುತ್ತವೆ. ಕೈಗವಸು ಮರೆಯಬೇಡಿ.

ಮೊದಲ ಸಲ ಸ್ವಲ್ಪವೇ ಕುಡಿದರೂ ಬೇಸರ ಬೇಡ. ಕುಡಿದವನ್ನು ಬೇರೆ ಮಾಡಿ, ಅವುಗಳ ಮೊಟ್ಟೆಯಿಂದಲೇ ಮುಂದಿನ ತಲೆಮಾರು ಬೆಳೆಸಿ, ಹೋಗ್ತಾ ಹೋಗ್ತಾ ಪೊರೆಗೆ ಒಗ್ಗುತ್ತವೆ. ರಕ್ತ ಕುಡಿದ ಎರಡನೇ ದಿನ ಸಂಜೆಗೇ, ಮೊಟ್ಟೆ ಇಡಲು, ನೀರಿನ ಬಟ್ಟಲಿಗೆ ಫಿಲ್ಟರ್ ಪೇಪರ್ ಹಾಕಿ ಇಡಿ. ಈಡಿಸ್ ಮೊಟ್ಟೆಯ ಹಾಗೆ ಇದನ್ನು ಒಣಗಿಸಿ ತಿಂಗಳುಗಟ್ಟಲೆ ಇಡಲು ಆಗುವುದಿಲ್ಲ, ಪೇಪರ್ ಒಣಗಿದರೆ ಇಡೀ ಬ್ಯಾಚು ಹೋಯಿತು.